ಜೇನ್ ಬರೆದ ಆ ಪತ್ರ
'ಜೇನ್ ಏರ್' ಕಾದಂಬರಿಯ ಮರುಮುದ್ರಣವನ್ನು ಸ್ವಾಗತಿಸಿ ಪ್ರಕಟವಾಗಿರುವ ಲೇಖನವೊಂದು ಕೃತಿಯನ್ನು ಕೇವಲ ಪ್ರೇಮಕಥೆಯಾಗಿ ಪರಿಚಯಿಸಿದ್ದು, ಅದರಲ್ಲಿ ಹಣಕ್ಕಿರುವ ಮಹತ್ವವನ್ನು ಬಿಟ್ಟುಬಿಟ್ಟಿದೆ. 1847ರಲ್ಲಿ ಷಾರ್ಲೆಟ್ ಬ್ರಾಂಟೆ 'ಕರರ್ ಬೆಲ್' ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದ ಈ ಕೃತಿಯ ನಾಯಕಿ, ತಾನೇ ಪತ್ರಿಕೆಗೆ ಜಾಹೀರಾತು ಕೊಟ್ಟು ವರ್ಷಕ್ಕೆ 30 ಪೌಂಡ್ ಸಂಬಳದ ಮನೆಪಾಠದ ಕೆಲಸ ಹುಡುಕಿಕೊಂಡವಳು. ಮದುವೆಗೆ ಮುನ್ನ, ಅವಳ ಕೈಹಿಡಿಯಲಿದ್ದ ಆ ಮನೆಯ ಒಡೆಯ ರೋಚೆಸ್ಟರ್ ರೇಷ್ಮೆ, ಒಡವೆ ಕೊಡಿಸಲು ಹೊರಟಾಗ ಆಕೆಗೆ ಸಂತೋಷಕ್ಕಿಂತ ಮುಜುಗರವೇ ಹೆಚ್ಚಾಗುತ್ತದೆ. ತನ್ನದೆಂಬ ಅಷ್ಟಿಷ್ಟು ಹಣವಿದ್ದರೆ ಈ ಹಂಗು ಇರದೆಂದು ಮಡೇರಾ ದ್ವೀಪದಲ್ಲಿದ್ದ ತಂದೆಯ ಸೋದರನಿಗೆ ಪತ್ರ ಬರೆಯುತ್ತಾಳೆ. ಆ ಪತ್ರದ ಮೂಲಕ ಮದುವೆಯ ಸುದ್ದಿ ಹೊರಬಿದ್ದದ್ದರಿಂದಲೇ ರೋಚೆಸ್ಟರನ ಹೆಂಡತಿ ಬದುಕಿರುವ ಸಂಗತಿ ಬಯಲಾಗಿ, ಮದುವೆ ನಿಲ್ಲುತ್ತದೆ. ಸ್ವಾವಲಂಬನೆಯ ಹಂಬಲವೇ ಅವಳನ್ನು ಮೋಸದಿಂದ ಕಾಪಾಡಿತೆಂಬುದು ನನ್ನ ದೃಢ ಅಭಿಪ್ರಾಯ.

ನಮ್ಮ ತೀರ್ಥಹಳ್ಳಿ ಕಡೆ, ಕೊಯ್ಲಿನ ಕಾಲದಲ್ಲಿ ರಾತ್ರಿಯವರೆಗೂ ಕೂತು ಅಡಿಕೆ ಸುಲಿಯುವ ಎಷ್ಟೋ ಮನೆಯ ಹೆಣ್ಣುಮಕ್ಕಳು ಸಣ್ಣ ಖರ್ಚಿಗೂ ಗಂಡಸರನ್ನೇ ಕೇಳಬೇಕಾಗಿರುವಾಗ, ಈ ಭಾಗವನ್ನು ಇಲ್ಲಿನ ಕಾಲೇಜು ಹುಡುಗಿಯರು ಗಮನವಿಟ್ಟು ಓದಬೇಕೆಂಬುದು ನನ್ನ ಆಸೆ. ಮುಂದೆ ತನಗೆ ಬಂದ 20,000 ಪೌಂಡ್ ಆಸ್ತಿಯನ್ನು ಮೂವರು ಬಂಧುಗಳೊಂದಿಗೆ ಸಮನಾಗಿ ಹಂಚಿಕೊಂಡ ಬಳಿಕವೇ ಜೇನ್ ರೋಚೆಸ್ಟರನ ಬಳಿಗೆ ಮರಳುತ್ತಾಳೆ ಎಂಬುದನ್ನಾದರೂ ಲೇಖಕರು ಪ್ರಸ್ತಾಪಿಸಬೇಕಿತ್ತು.