ಬೆಳ್ಳಗಿರುವುದೆಲ್ಲ ಬ್ಯಾಕ್ಟೀರಿಯಾ ಅಲ್ಲ

ಹೊಳೆಯುವ ಬಣ್ಣ ಹಾಕಿದ್ದನ್ನು ಕತ್ತಲಲ್ಲಿ ನೋಡುವ ನಮ್ಮ ಲ್ಯಾಬಿನ ಫ್ಲೋರೆಸೆನ್ಸ್ ಮೈಕ್ರೋಸ್ಕೋಪಿಗೆ ಒಂದು ಕತ್ತಲೆ ಕೋಣೆ ಇತ್ತು. ಥೇಟ್ ಬಾಣಂತಿ ಕೋಣೆ. ಕಿಟಕಿಗೆ ಕಪ್ಪು ಬಟ್ಟೆ, ಒಳಗೆ ಸೆಕೆ, ಯಾರೂ ಬಾಗಿಲು ತೆಗೆಯುವಂತಿಲ್ಲ. ಅಲ್ಲಿ ಕೂತು ನಾನು ನೋಡಬೇಕಿದ್ದದ್ದು ಹೆಸರುಕಾಳಿನ ಎಳೆ ಬೇರಿಗೆ ಅಂಟಿದ ರೈಜೋಬಿಯಂ ಬ್ಯಾಕ್ಟೀರಿಯಾ. ಉದ್ದ, ಮಿಲಿಮೀಟರಿನ ಸಾವಿರದಲ್ಲಿ 2 ಪಾಲು. ಹೆಚ್ಚೆಂದರೆ 3.

ಪಲ್ಯ ಆಗಬೇಕಿದ್ದ ಮೊಳಕೆಗೆ ಡ್ಯಾಪಿ ಅನ್ನುವ ಬಣ್ಣ ಹಾಕಿದೆ. ಅದು ಡಿಎನ್‌ಎಗೆ ಅಂಟಿಕೊಂಡು, ನೇರಳಾತೀತ ಬೆಳಕು ಬಿದ್ದರೆ ನೀಲಿಯಾಗಿ ಹೊಳೆಯುತ್ತದೆ. ಬೇರಿಗೂ ಡಿಎನ್‌ಎ ಇದೆ ಅನ್ನುವುದು ಕಣ್ಣಿಟ್ಟ ಮೇಲೆ ನೆನಪಾಯಿತು. ಒಂದೊಂದು ಜೀವಕೋಶದಲ್ಲೂ ಒಂದೊಂದು ಬಲ್ಬು! ಸಾಲದ್ದಕ್ಕೆ ಬೇರನ್ನು ಗಟ್ಟಿಯಾಗಿಸುವ ಲಿಗ್ನಿನ್, ಯಾವ ಬಣ್ಣವನ್ನೂ ಕೇಳದೆ ಸುಮ್ನೆ ತಾನೇ ಹೊಳೆಯುತ್ತದೆ. ದಸರಾ ದೀಪಾಲಂಕಾರದಲ್ಲಿ ಮಿಂಚುಹುಳ ಹುಡುಕಿದ ಹಾಗೆ.

ಮೂರನೇ ದಿನ ಸಿಕ್ಕಿತು. ಬೇರಿನ ಪಕ್ಕ ಬಳ್ಳಿಯಂತೆ ತಿರುಚಿಕೊಂಡು, ಕಣ್ಣು ಕುಕ್ಕುವಷ್ಟು ನೀಲಿ. ಬ್ಯಾಕ್ಟೀರಿಯಾ ಸಾಲುಗಟ್ಟಿ ಬೇರಿನ ಕಡೆ ಹೊರಟಿವೆ ಅಂತ ತೀರ್ಮಾನಿಸಿ ಫೋಟೋ ತೆಗೆದೆ. ಪ್ರಬಂಧದ ಹೆಸರನ್ನೂ ಯೋಚಿಸಿಬಿಟ್ಟೆ. ಗೈಡ್ ಸರ್ ಬಂದು ಬಗ್ಗಿ ನೋಡಿದರು.

"ಈ ಕೋಟನ್ನ ಮನೇಲಿ ಯಾರಮ್ಮಾ ಒಗೆಯೋದು?"

"ಅಮ್ಮ, ಸರ್."

"ಚೆನ್ನಾಗಿ ಒಗೀತಾರೆ."

ಅದು ನನ್ನ ಲ್ಯಾಬ್ ಕೋಟಿನ ಹತ್ತಿ ಎಳೆ. ಬಟ್ಟೆ ಬೆಳ್ಳಗೆ ಕಾಣಲಿ ಅಂತ ಸೋಪಿನ ಪುಡಿಗೆ ಸೇರಿಸುವ ರಾಸಾಯನಿಕದ ಕೆಲಸವೂ ಇದೇ: ನೇರಳಾತೀತ ಬೆಳಕು ನುಂಗಿ ನೀಲಿ ಉಗುಳುವುದು. ಗಿಡದ ಕೋಶದ ಗೋಡೆ ನೋಡಲು ನಾವು ಜೋಪಾನವಾಗಿ ಇಟ್ಟುಕೊಳ್ಳುವ ಕ್ಯಾಲ್ಕೋಫ್ಲೋರ್ ವೈಟ್ ಕೂಡ ಬಟ್ಟೆ, ಕಾಗದ ಬೆಳ್ಳಗೆ ಮಾಡುವ ಮಾಲೇ. ನಾವು ಅದನ್ನು ಮೈಕ್ರೋಲೀಟರಿನಲ್ಲಿ ಅಳೆಯುತ್ತೇವೆ. ಅದರ ನೆಂಟರನ್ನು ಅಮ್ಮ ಹಿಡಿ ಹಿಡಿಯಾಗಿ ಬಕೆಟ್ಟಿಗೆ ಸುರಿಯುತ್ತಾಳೆ.

ಮನೆಯಲ್ಲಿ ಹೇಳಿದರೆ, "ಅಷ್ಟು ಹೊಳೀತಾ?" ಅಂತ ಅವಳಿಗೆ ಖುಷಿ.

ಮರುವಾರ ನಿಜವಾದವೇ ಸಿಕ್ಕವು. ಬೇರುಗೂದಲಿನ ತುದಿಯಲ್ಲಿ ರವೆ ಉದುರಿಸಿದ ಹಾಗೆ ಪುಟ್ಟ ಪುಟ್ಟ ಕಡ್ಡಿಗಳು. ಸರ್‌ನ ಕರೆಯಲು ಓಡಿದೆ. ಅವರು ಫೋನಿನಲ್ಲಿದ್ದರು. ಕೈ ತೋರಿಸಿ ನಿಲ್ಲಿಸಿದರು. ಹತ್ತು ನಿಮಿಷವಾಯಿತು. ನೇರಳಾತೀತ ಬೆಳಕಿನ ಶಟರ್ ಮುಚ್ಚದೆ ಬಂದಿದ್ದೇನೆ ಅನ್ನುವುದು ಆಗ ಹೊಳೆಯಿತು. ಆ ಬೆಳಕು ಬೀಳುತ್ತಲೇ ಇದ್ದರೆ ಡ್ಯಾಪಿ ಬಾಡಿಹೋಗುತ್ತದೆ, ಬಿಸಿಲಲ್ಲಿ ಒಣಹಾಕಿದ ಬಣ್ಣದ ಲಂಗದ ಹಾಗೆ.

ಸರ್ ಬಂದು ನೋಡಿದಾಗ ಬರೀ ಕತ್ತಲೆ. ಪಾಪ, ಅವರು ಏನೂ ಅನ್ನಲಿಲ್ಲ. ಸ್ಲೈಡನ್ನು ಚೂರು ಪಕ್ಕಕ್ಕೆ ಸರಿಸಿದರು.

"ನಿಮ್ಮಮ್ಮ ಇಲ್ಲೇ ಇದ್ದಾರೆ ನೋಡು" ಅಂದರು.