ಅಡಿಕೆ ತೋಟದ ಸಾಕ್ಷಿ

ಅಮೆರಿಕಕ್ಕೆ ಓದೋಕೆ ಹೋಗುವವರು ವಿಮಾನ ಹತ್ತುವ ಮೊದಲೇ ತಾವು ವಾಪಸ್ ಬರುತ್ತೇವೆ ಅಂತ ಅಲ್ಲಿಯವರನ್ನು ನಂಬಿಸಬೇಕು. ಅವರ 1952ರ ವಲಸೆ ಕಾನೂನಿನಲ್ಲಿ 214(ಬಿ) ಅಂತ ಒಂದು ಕಲಮು ಇದೆ. ವೀಸಾ ಕೇಳಿ ಬಂದವರೆಲ್ಲ ಅಲ್ಲೇ ಬೇರು ಬಿಡುವವರು ಅಂತ ಮೊದಲೇ ಲೆಕ್ಕ. ಹಾಗಲ್ಲ ಅಂತ ತೋರಿಸುವುದು ಕೇಳಲು ಹೋದವರ ತಲೆನೋವು.

ಅಣ್ಣನ ಮಗಳಿಗೆ ಎಂಎಸ್ ಸೀಟು ಸಿಕ್ಕಿದಾಗ ಆ ತಲೆನೋವು ನಮ್ಮ ಮನೆಗೂ ಬಂತು. ಅಣ್ಣನದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಕೊಳೆರೋಗ, ಮಂಗನ ಕಾಟ, ಕೊನೆ ಕೊಯ್ಯಲು ಜನ ಸಿಗದ ಪರದಾಟ, ಇದನ್ನೆಲ್ಲ ಅನುಭವಿಸಿದವನು ಮಗಳಿಗೆ ಸಣ್ಣವಳಿದ್ದಾಗಿನಿಂದ ಹೇಳಿದ್ದು ಒಂದೇ ಮಾತು: "ಚೆನ್ನಾಗಿ ಓದು, ಈ ತೋಟದ ಸಹವಾಸ ನಿನಗೆ ಬೇಡ." ಈಗ ನೋಡಿದರೆ ಅದೇ ತೋಟದ ಪಹಣಿ ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಬಂದು ಕೂತಿದೆ, ಹುಡುಗಿ ಈ ಮಣ್ಣಿಗೆ ತಿರುಗಿ ಬಂದೇ ಬರುತ್ತಾಳೆ ಅನ್ನುವುದಕ್ಕೆ ಸಾಕ್ಷಿಯಾಗಿ.

ಆಮೇಲೆ ದುಡ್ಡಿನ ವಿಷಯ. ಬ್ಯಾಂಕ್ ಸಾಲದ ಪತ್ರ ಸಾಲದು, ಮನೆಯ ಆಸ್ತಿಗೆಲ್ಲ ಸಿಎ ಸರ್ಟಿಫಿಕೇಟ್ ಇದ್ದರೆ ಒಳ್ಳೆಯದು ಅಂತ ಯಾರೋ ಹೇಳಿದರು. ಸಿಎ ಪೆನ್ನು ಹಿಡಿದು, "ಚಿನ್ನ ಎಷ್ಟಿದೆ?" ಅಂತ ಕೇಳಿದರು. ಅಣ್ಣ ಅತ್ತಿಗೆ ಕಡೆ ನೋಡಿದ. ಅತ್ತಿಗೆ ಫ್ಯಾನ್ ಕಡೆ ನೋಡಿದರು. ಅಮ್ಮ ಕೊಟ್ಟ ಅವಲಕ್ಕಿ ಸರ ಬಂತು, ಮದುವೆಯ ಬಳೆ ಬಂದವು, ಆಮೇಲೆ ಸಣ್ಣ ದನಿಯಲ್ಲಿ ಇನ್ನೊಂದು ಜೊತೆ ಬಳೆಯೂ ಬಂತು. ಅದು ಯಾವಾಗ ಮಾಡಿಸಿದ್ದು ಅಂತ ಅಣ್ಣ ಕಾರಿನಲ್ಲಿ ಊರು ತಲುಪುವ ತನಕ ಕೇಳುತ್ತಲೇ ಇದ್ದ.

ಡಿಎಸ್-160 ಅನ್ನುವ ಆನ್‌ಲೈನ್ ವೀಸಾ ಅರ್ಜಿ ಇದಕ್ಕಿಂತ ಮಜಾ. ಇಪ್ಪತ್ತು ನಿಮಿಷ ಸುಮ್ನೆ ಕೂತರೆ ಅದು ತಾನಾಗೇ ಮುಚ್ಚಿಕೊಳ್ಳುತ್ತದೆ, ನಮ್ಮ ಮನೆಯಲ್ಲೋ ಒಂದೊಂದು ಪ್ರಶ್ನೆಗೂ ಅರ್ಧ ಗಂಟೆ ಚರ್ಚೆ. ಅಪ್ಪನ ಹುಟ್ಟಿದ ದಿನ ಕೇಳುತ್ತಾರೆ. ಅಣ್ಣ ಹುಟ್ಟಿದ್ದು ದೀಪಾವಳಿ ಆಸುಪಾಸು, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು ಜೂನ್ 1. (ಆ ಕಾಲದಲ್ಲಿ ಅರ್ಧ ಕ್ಲಾಸು ಹುಟ್ಟಿದ್ದು ಜೂನ್ ಒಂದಕ್ಕೇ.) ನಿಜ ಹೇಳಬೇಕೋ ದಾಖಲೆ ಹೇಳಬೇಕೋ ಅಂತ ಅವನು ಗಂಭೀರವಾಗಿ ಕೇಳಿದ. ಯಾವುದಾದರೂ ಕುಲಕ್ಕೋ ಬುಡಕಟ್ಟಿಗೋ ಸೇರಿದವರಾ ಅಂತಲೂ ಒಂದು ಪ್ರಶ್ನೆ ಇದೆ. "ಗೋತ್ರ ಹಾಕು" ಅಂದ.

2025ರ ಜೂನ್‌ನಿಂದ ವಿದ್ಯಾರ್ಥಿ ವೀಸಾ ಕೇಳುವವರು ತಮ್ಮ ಸೋಶಿಯಲ್ ಮೀಡಿಯಾ ಖಾತೆಗಳನ್ನೆಲ್ಲ ಪಬ್ಲಿಕ್ ಮಾಡಿಡಬೇಕು. ಹುಡುಗಿ ಬಾಗಿಲು ತೆರೆದಿಟ್ಟದ್ದು ಅಧಿಕಾರಿಗೆ, ಮೊದಲು ಒಳಗೆ ಹೋಗಿ ಒಂದೂ ಬಿಡದೆ ನೋಡಿದ್ದು ಅವಳಮ್ಮ. ಹೀಗೆ ಅತ್ತಿಗೆಯ ಬಳೆ, ಮಗಳ ಗೋವಾ ಫೋಟೋ ಎರಡೂ ಒಂದೇ ಸಲಕ್ಕೆ ಬೆಳಕಿಗೆ ಬಂದವು. ಒಂದಕ್ಕೊಂದು ವಜಾ ಆಗಿರಬೇಕು, ಆ ವಾರ ಜಗಳವೇನೂ ಆಗಲಿಲ್ಲ.

ಬೆಂಗಳೂರಲ್ಲಿ ಆ ವರ್ಷದ ಜನವರಿಯಲ್ಲೇ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆಗಿತ್ತು, ವೀಸಾ ಕೆಲಸ ಮಾತ್ರ ಇನ್ನೂ ಅಲ್ಲಿ ಶುರುವಾಗಿರಲಿಲ್ಲ. ಇಂಟರ್‌ವ್ಯೂಗೆ ಸ್ಲಾಟ್ ಸಿಕ್ಕಿದ್ದು ಹೈದರಾಬಾದ್‌ನಲ್ಲಿ. ಅಲ್ಲಿಯ ತನಕ ದಿನಾ ರಾತ್ರಿ ಊಟ ಆದಮೇಲೆ ಮನೆಯಲ್ಲಿ ಇಂಟರ್‌ವ್ಯೂ. ಅಣ್ಣ ಕನ್ನಡಕ ಏರಿಸಿಕೊಂಡು ಅಧಿಕಾರಿ ಆಗುತ್ತಿದ್ದ. "ಓದು ಮುಗಿದಮೇಲೆ ಏನು ಮಾಡ್ತೀಯ?" "ಊರಿಗೆ ಬರ್ತೀನಿ ಸರ್, ಅಪ್ಪನ ತೋಟ ಇದೆ." "ಬಂದು ಏನು ಮಾಡ್ತೀಯ, ಅಡಿಕೆ ಸುಲಿತೀಯಾ?" ಅಂತ ಅಧಿಕಾರಿಯ ಬಾಯಿಂದ ಅಪ್ಪ ಹೊರಗೆ ಬಂದುಬಿಡುತ್ತಿದ್ದ. ಅದೇ ವಾರ ಒಂದು ಮದುವೆ ಮನೆಯಲ್ಲಿ ಎಲೆ ಮುಂದೆ ಕೂತವರೆಲ್ಲ, "ಅಲ್ಲೇ ಸೆಟ್ಲ್ ಆಗ್ತಾಳೆ ಬಿಡಿ" ಅಂತ ಹರಸಿದರು, ಅಣ್ಣ ಖುಷಿಯಾಗಿ ತಲೆ ಆಡಿಸಿದ. ಇಪ್ಪತ್ತೆರಡು ವರ್ಷದವರನ್ನು ಹಿಡಿದು ನಾಲ್ಕು ವರ್ಷದ ನಂತರ ಎಲ್ಲಿರುತ್ತೀಯ ಅಂತ ಕೇಳುವುದೇ ತಮಾಷೆ ಅನಿಸುತ್ತದೆ ನನಗೆ. ಆ ವಯಸ್ಸಿನಲ್ಲಿ ನನ್ನನ್ನು ಕೇಳಿದ್ದರೆ ಸಂಜೆ ಎಲ್ಲಿರುತ್ತೇನೆ ಅಂತ ಹೇಳಲೂ ತಡವರಿಸುತ್ತಿದ್ದೆ.

ಹೈದರಾಬಾದ್‌ನ ನಾನಕ್‌ರಾಮ್‌ಗುಡದಲ್ಲಿರುವ ಆ ಕಾನ್ಸುಲೇಟ್ ಕಟ್ಟಡದೊಳಗೆ ಫೋನ್ ಇಲ್ಲ, ಬ್ಯಾಗ್ ಇಲ್ಲ, ಚಿಕ್ಕಪ್ಪನೂ ಇಲ್ಲ. ನಾವಿಬ್ಬರೂ ಹೊರಗೆ ನಿಂತು ಬಿಸಿಲು ಕಾಯುತ್ತಿದ್ದೆವು. ಅವಳು ನಗುತ್ತಾ ಹೊರಗೆ ಬಂದಳು. ಪಾಸ್‌ಪೋರ್ಟ್ ಅವರೇ ಇಟ್ಟುಕೊಂಡಿದ್ದಾರೆ ಅಂದಳು. ಅಂದರೆ ಆಯ್ತು ಅಂತ ಅರ್ಥ. ಕೈಗೆ ಚೀಟಿ ಜೊತೆ ವಾಪಸ್ ಬಂದರೇ ಕಷ್ಟ. ಈ ಕಾಲೇಜೇ ಯಾಕೆ, ದುಡ್ಡು ಯಾರು ಕೊಡುತ್ತಾರೆ, ಅಪ್ಪ ಏನು ಮಾಡುತ್ತಾರೆ, ಗಾಜಿನಾಚೆಯಿಂದ ಇಷ್ಟೇ ಪ್ರಶ್ನೆ, ಎರಡು ಮೂರು ನಿಮಿಷದಲ್ಲಿ ಮುಗಿಯಿತಂತೆ.

"ಪಹಣಿ ನೋಡಿದ್ರಾ?" ಅಂದ ಅಣ್ಣ.

"ಫೈಲೇ ಕೇಳಲಿಲ್ಲ ಅಪ್ಪ."

ಅವನ ಮುಖ ಸಪ್ಪಗಾಯಿತು. ಎರಡು ಎಕರೆಗೆ ಅವಮಾನ ಆದ ಹಾಗೆ.

ಇಂಟರ್‌ವ್ಯೂ ಹಿಂದಿನ ದಿನವೇ ಊರಾಚೆಯ ಚಿಲ್ಕೂರು ಬಾಲಾಜಿಗೆ ಹೋಗಿ ಬಂದಿದ್ದೆವು, ಜನ ವೀಸಾ ಬಾಲಾಜಿ ಅಂತಲೇ ಕರೆಯುವ ದೇವರು. ಕೇಳಿಕೊಳ್ಳುವಾಗ 11 ಸುತ್ತು, ಕೆಲಸ ಆದಮೇಲೆ ಬಂದು 108. ಅಲ್ಲಿ ಹುಂಡಿ ಇಲ್ಲ. ವಿದೇಶಿ ವಿದ್ಯಾರ್ಥಿಗಳ ಲೆಕ್ಕ ಇಡುವ ಸೆವಿಸ್ ಅಂತ 350 ಡಾಲರ್, ವೀಸಾ ಫೀಸು 185 ಡಾಲರ್ ಕಟ್ಟಿ ಸುಸ್ತಾಗಿದ್ದ ಅಣ್ಣನಿಗೆ ಈ ಒಂದು ಕೌಂಟರ್ ಬಹಳ ಹಿಡಿಸಿತ್ತು. ಆದರೆ ಕ್ಲಾಸು ಶುರುವಾಗುವ ಗಡಿಬಿಡಿಯಲ್ಲಿ ಹುಡುಗಿ 108 ಬಾಕಿ ಉಳಿಸಿಕೊಂಡೇ ಹಾರಿದಳು, ಬ್ಯಾಂಕ್ ಸಾಲದ ಹಾಗೆ ಅದೂ ಅಪ್ಪನ ಹೆಸರಿಗೆ ಬಂತು. ಅವನಿಗೆ ಮಂಡಿ ನೋವು. ಮೊನ್ನೆ ಫೋನ್ ಮಾಡಿದ್ದ, ಕೊಯ್ಲು ಮುಗಿಸಿ ಹೋದರೆ ನಡೆಯುತ್ತದಾ, ಕಂತಿನಲ್ಲಿ ಸುತ್ತಬಹುದಾ ಅಂತ ವಿಚಾರಿಸಲು.