ಬೋಟಿಗೆ ರಜೆ, ಯುದ್ಧವಿಮಾನಕ್ಕೆ ಚೌಕಾಸಿ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವ ಹಾಗಿಲ್ಲ. ಬೈತಖೋಲ ಬಂದರಿನಲ್ಲಿ ಬೋಟಿಗೆ ಬೋಟು ಅಂಟಿಕೊಂಡು ಮಳೆಯಲ್ಲಿ ನೆನೆಯುತ್ತಿರುತ್ತವೆ, ಗಂಡಸರೆಲ್ಲ ಚಹಾದಂಗಡಿಯಲ್ಲಿ ಒಣಗುತ್ತಿರುತ್ತಾರೆ. ಹಾಗಾಗಿ ಈ 61 ದಿನಗಳಲ್ಲಿ ದೇಶದ ರಕ್ಷಣಾ ಖರೀದಿಯೆಲ್ಲ ಇತ್ಯರ್ಥವಾಗುವುದು ಕಾರವಾರದಲ್ಲೇ. ಈ ಸಲ ವಿಚಾರಣೆಗೆ ಬಂದದ್ದು ಆಮ್ಕಾ, ರೇಡಾರಿನ ಕಣ್ಣು ತಪ್ಪಿಸಿ ಹಾರಬೇಕಾದ ನಮ್ಮದೇ ಸ್ಟೆಲ್ತ್ ಯುದ್ಧವಿಮಾನ.

"15 ಸಾವಿರ ಕೋಟಿ, ಮಾರಾಯಾ!" ಎಂದ ಒಬ್ಬ. 2024ರ ಮಾರ್ಚ್‌ನಲ್ಲಿ ಕೇಂದ್ರ ಒಪ್ಪಿದ ಮೊತ್ತ ಅದು. ಇನ್ನೊಬ್ಬ ಮೇಜಿನ ಮೇಲೆ ಚೆಲ್ಲಿದ್ದ ಚಹಾದಲ್ಲಿ ಬೆರಳದ್ದಿ ಸೊನ್ನೆ ಎಳೆಯತೊಡಗಿದ. ಹದಿನೈದರ ಮುಂದೆ ಹತ್ತು ಸೊನ್ನೆ ಬೇಕು, ಏಳನೆಯದಕ್ಕೇ ಚಹಾ ಖಾಲಿ. ಮೂರನೆಯವನು ಲೆಕ್ಕದಲ್ಲಿ ಚುರುಕು. ಐದು ಮಾದರಿ ವಿಮಾನ ಕಟ್ಟುತ್ತಾರೆ, ಐದರಿಂದ ಭಾಗಿಸು, ಒಂದಕ್ಕೆ 3 ಸಾವಿರ ಕೋಟಿ, ತೀರಾ ದುಬಾರಿ ಎಂದು ತೀರ್ಪು ಕೊಟ್ಟ. ಅದು ವಿನ್ಯಾಸ, ಪರೀಕ್ಷೆ ಎಲ್ಲ ಸೇರಿದ ಖರ್ಚು, ಅಚ್ಚಿನ ಖರ್ಚನ್ನೆಲ್ಲ ಮೊದಲ ಐದು ಗಣಪತಿಗಳ ತಲೆಗೇ ಕಟ್ಟಿದರೆ ಹೇಗೆ ಎಂದು ನಾನು ಬಾಯಿ ಹಾಕಿದೆ. ಚೌತಿಗೆ ಇನ್ನೂ ದಿನ ಉಂಟು ಎಂದು ನನ್ನನ್ನು ಕೂರಿಸಿದರು.

ಇನ್ನು ಸಾಮರ್ಥ್ಯ. ಇದನ್ನು ವಿವರಿಸಿದವರು ನಿವೃತ್ತ ನೌಕಾ ನೌಕರರೊಬ್ಬರು. "ತೊರಕೆ ಮೀನು ನೋಡಿದ್ದೀರಲ್ಲ? ಚಪ್ಪಟೆ ಮೈ, ಓರೆ ಅಂಚು. ರೇಡಾರಿನ ಅಲೆ ಬಡಿದರೆ ಬಂದ ದಾರಿಗೆ ಮರಳದೆ ಪಕ್ಕಕ್ಕೆ ಜಾರಬೇಕು. ಮೈಮೇಲೆ ಅಲೆ ಹೀರುವ ಲೇಪ. ಕ್ಷಿಪಣಿ ಎಲ್ಲ ಹೊಟ್ಟೆಯೊಳಗೆ. ರೆಕ್ಕೆಗೆ ನೇತುಹಾಕಿದಿರೋ, ಮಾಡಿದ್ದೆಲ್ಲ ನೀರುಪಾಲು." ಹೊಟ್ಟೆಯೊಳಗೆ ಹಿಡಿಯುವುದು 1,500 ಕಿಲೊ ಎಂದದ್ದೇ ತಡ, "ಇಷ್ಟೇಯಾ? ನನ್ನ ಟೆಂಪೋದಲ್ಲಿ ಇದಕ್ಕಿಂತ ಹೆಚ್ಚು ಬಂಗಡೆ ಹೋಗ್ತದೆ" ಎಂದು ಮೂಲೆಯಿಂದ ಆಕ್ಷೇಪಣೆ ಬಂತು. ಲೇಪದ ಬಗ್ಗೆ ನನಗೂ ಒಂದು ಸಂಶಯವಿತ್ತು. ಇಲ್ಲಿನ ಉಪ್ಪುಗಾಳಿಗೆ ನನ್ನ ಸ್ಕೂಟರಿನ ಸೈಲೆನ್ಸರು ಎರಡು ಮಳೆಗಾಲ ತಡೆಯುವುದಿಲ್ಲ. ಇನ್ನು ಮರೆಯಾಗುವ ವಿದ್ಯೆಗೆ ಇಷ್ಟೆಲ್ಲ ಖರ್ಚು ಏಕೆ ಬೇಕೋ, ದಶಕಗಳಿಂದ ಕಣ್ಣಿಗೆ ಕಾಣಿಸದ ಹುಬ್ಬಳ್ಳಿ–ಅಂಕೋಲಾ ರೈಲನ್ನು ಕೇಳಿದರೆ ಸಾಕಿತ್ತು.

ಊರಿನ ನಿಷ್ಠೆಯೆಲ್ಲ ಕಡಲತೀರದಲ್ಲಿ ನಿಂತಿರುವ ಟುಪೊಲೆವ್ ಕಡೆಗೆ. 2017ರಲ್ಲಿ ನಿವೃತ್ತವಾದ ನೌಕಾಪಡೆಯ ಗಸ್ತು ವಿಮಾನ, ಟಿಯು-142. ನಾಲ್ಕು ಎಂಜಿನ್, ಒಂದೊಂದಕ್ಕೆ ಎರಡೆರಡು ಪಂಖ, ಒಂದು ಹೀಗೆ ತಿರುಗಿದರೆ ಇನ್ನೊಂದು ಹಾಗೆ. ಅದರ ಗದ್ದಲಕ್ಕೆ ರೇಡಾರೇ ಬೇಡ, ಎರಡು ಕಿವಿ ಸಾಕಿತ್ತು. ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಬಹುದು. ಕಾಣದ ವಿಮಾನದ ಪಕ್ಕ ನಿಂತು ಯಾರು ಫೋಟೊ ತೆಗೆಸಿಕೊಂಡಾರು?

ತೆಗೆಸಿಕೊಳ್ಳಬಹುದು ಎಂದು ತೋರಿಸಿಕೊಟ್ಟವರು ಕೇರಳದವರು. 2025ರ ಜೂನ್ 14ರಂದು ಬ್ರಿಟಿಷ್ ನೌಕಾಪಡೆಯ ಸ್ಟೆಲ್ತ್ ಯುದ್ಧವಿಮಾನ ಎಫ್-35ಬಿ ತಿರುವನಂತಪುರದಲ್ಲಿ ಇಳಿಯಿತು. ಹೈಡ್ರಾಲಿಕ್ ಕೆಟ್ಟು ಕೂತದ್ದು ಎದ್ದದ್ದು ಜುಲೈ 22ಕ್ಕೆ. ಬರುವಾಗಲೇ ನಮ್ಮ ವಾಯುಪಡೆ ಅದನ್ನು ಗುರುತಿಸಿತ್ತಂತೆ, ಇಳಿದ ಮೇಲಂತೂ ಇಡೀ ಕೇರಳ ಗುರುತಿಸಿತು. ಅಲ್ಲಿನ ಪ್ರವಾಸೋದ್ಯಮ ಇಲಾಖೆ ಅದರ ಹೆಸರಲ್ಲಿ ಜಾಹೀರಾತೂ ಹೊರಡಿಸಿತು. ತಾರೀಕು ಗಮನಿಸಿ: ಜೂನ್ 14, ಜುಲೈ 22. ಮೀನುಗಾರಿಕೆ ನಿಷೇಧವನ್ನು ಇಷ್ಟು ನಿಯತ್ತಿನಿಂದ ಪಾಲಿಸಿದ ವಿದೇಶಿ ನೌಕಾಪಡೆ ಇನ್ನೊಂದಿಲ್ಲ.

ಇಷ್ಟರವರೆಗೆ ಬೆಂಚಿನ ತುದಿಯಲ್ಲಿ ಸುಮ್ಮನಿದ್ದ ಬೋಟಿನ ಮಾಲೀಕರು ಬೀಡಿ ಆರಿಸಿ ಕೇಳಿದರು: "ಇಂಜಿನ್ ಯಾರದ್ದು?"

ಸದ್ಯಕ್ಕೆ ಅಮೆರಿಕದ ಜಿಇ ಕಂಪನಿಯದು ಎಂದೆ. 2021ರಲ್ಲಿ 83 ತೇಜಸ್ ಮಾರ್ಕ್-1ಎ ಯುದ್ಧವಿಮಾನಗಳಿಗೆ ಆರ್ಡರ್ ಕೊಟ್ಟು, ಅದೇ ಕಂಪನಿಯ ಮೊದಲ ಎಂಜಿನ್ ಕೈಗೆ ಬರುವಾಗ 2025ರ ಮಾರ್ಚ್ ಆಗಿತ್ತು ಎಂದೂ ಸೇರಿಸಿದೆ.

"ನಮ್ಮದೇ ಇಲ್ಲನಾ?"

1989ರಲ್ಲೇ ಮಂಜೂರಾದದ್ದುಂಟು, ಹೆಸರು ಕಾವೇರಿ ಎಂದೆ.

"ಕಾವೇರಿ ಅಂತ ಹೆಸರಿಟ್ಟರೆ ಬಿಡುಗಡೆ ಆಗ್ತದೆಯಾ ತಮಾ?" ಎಂದರು ಅವರು. ಕಾಳಿ ಎಂದಿಡಬಹುದಿತ್ತು ಎಂದ ಟೆಂಪೋದವನು. 2024ರ ಆಗಸ್ಟ್‌ನಲ್ಲಿ ಕಾಳಿಯ ಹಳೇ ಸೇತುವೆ ಮಧ್ಯರಾತ್ರಿ ಕುಸಿದದ್ದು ನೆನಪಾಗಿ ತಾನೇ ಹಿಂತೆಗೆದುಕೊಂಡ.

ಮಾಲೀಕರು ಬಿಡಲಿಲ್ಲ. "ಕೊಳ್ಳೋದು ಬಿಡಿ, ಸಾಕೋದು ಹೇಗೆ?" ಅಮೆರಿಕದ ಸಂಸತ್ತಿನ ಲೆಕ್ಕ ತಪಾಸಣಾ ಸಂಸ್ಥೆ 2024ರಲ್ಲಿ ಕೊಟ್ಟ ಅಂದಾಜನ್ನು ಹೇಳಿದೆ: ಅವರ ಎಫ್-35ಗಳನ್ನು ಆಯುಸ್ಸು ಮುಗಿಯುವತನಕ ಸಾಕಲು 1.58 ಲಕ್ಷ ಕೋಟಿ ಡಾಲರ್. ಸೊನ್ನೆ ಬರೆಯಲು ಈ ಸಲ ಯಾರೂ ಚಹಾ ಚೆಲ್ಲಲಿಲ್ಲ.

ಅವರು ತಲೆಯಾಡಿಸಿದರು. ಅವರ ಬೋಟಿನ ಗೇರುಬಾಕ್ಸು ಬಿಚ್ಚಿ ಗೋಣಿಯ ಮೇಲಿಟ್ಟು ಮೂರು ವಾರ. ಬಿಡಿಭಾಗ "ನಾಳೆ ಬರ್ತದೆ". "ಹಾಗಾದರೆ ಅದೂ ನನ್ನ ಬೋಟೂ ಒಂದೇ ಜಾತಿ" ಎಂದು ಕೊಡೆ ಬಿಡಿಸುತ್ತ, "ಆಗಸ್ಟ್ 1ಕ್ಕೆ ಡೀಸೆಲ್ ರೇಟು ಎಷ್ಟಿರಬಹುದು?" ಎಂದು ಕೇಳಿದರು. ರಕ್ಷಣಾ ಪರಿಣತರೆಲ್ಲ ಹೊರಗೆ ಮಳೆ ನೋಡತೊಡಗಿದರು.